‘ನನ್ನ ಸರ್ಕಾರ’

ರಾಜ್ಯಪಾಲರೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ವರ್ಷಕ್ಕೊಮ್ಮೆ ಶಾಸನಸಭೆಯಲ್ಲಿ ಅವರು ಓದುವ ಭಾಷಣ. ಅದನ್ನು ಸಿದ್ಧಪಡಿಸುವವರು ಮಂತ್ರಿಗಳು, ಓದುವವರು ಇವರು. ಅದರಲ್ಲಿ ಮತ್ತೆ ಮತ್ತೆ ಬರುವ ‘ನನ್ನ ಸರ್ಕಾರ’ ಎಂಬ ಮಾತು ಕೇವಲ ರೂಢಿಯದು. ಜಯಚಾಮರಾಜ ಒಡೆಯರು 1956ರಿಂದ 1964ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. ಆ ಭಾಷಣ ಓದುವಾಗ ಅವರಿಗೆ ಏನೆನ್ನಿಸುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಕೆಲವೇ ವರ್ಷಗಳ ಹಿಂದೆ ಅದೇ ನೆಲದ ಸರ್ಕಾರ ನಿಜವಾಗಿಯೂ ಅವರದೇ ಆಗಿತ್ತಲ್ಲವೆ!

ಪಟ್ಟ ಅವರು ಬಯಸಿ ಬಂದದ್ದಲ್ಲ. 1940ರಲ್ಲಿ, ಐದು ತಿಂಗಳ ಅಂತರದಲ್ಲಿ, ತಂದೆ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಪಿಯಾನೋದಲ್ಲಿ ಮುಳುಗಿದ್ದ 21 ವರ್ಷದ ಹುಡುಗ ಸಿಂಹಾಸನವೇರಬೇಕಾಯಿತು. ಏಳು ವರ್ಷಕ್ಕೇ ಅದರಿಂದ ಇಳಿಯುವ ಮೆಟ್ಟಿಲುಗಳು ಮೊದಲಾದವು.

ಆ ಮೊದಲ ಮೆಟ್ಟಿಲನ್ನು ಅವರು ನಗುನಗುತ್ತ ಇಳಿದರೆಂದು ಹೇಳಲಾರೆ. 1947ರ ಆಗಸ್ಟಿನಲ್ಲಿ ಒಕ್ಕೂಟ ಸೇರುವ ಪತ್ರಕ್ಕೆ ರುಜು ಬಿದ್ದರೂ ಜವಾಬ್ದಾರಿ ಸರ್ಕಾರ ಬರಲಿಲ್ಲ. ‘ಮೈಸೂರು ಚಲೋ’ ಚಳವಳಿಯೇ ನಡೆಯಬೇಕಾಯಿತು. ಮೈಸೂರಿನ ರಾಮಸ್ವಾಮಿ ವೃತ್ತದ ಹೆಸರು ಆಗ ಗುಂಡಿಗೆ ಬಲಿಯಾದ ವಿದ್ಯಾರ್ಥಿಯದು. ಪಾಠ ಹೇಳುವ ನನ್ನಂಥವನು ಆ ಹೆಸರನ್ನು ದಾಟಿಹೋಗಿ ದೊರೆಯನ್ನು ಹೊಗಳಲಾರ. ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದದ್ದು ಅಕ್ಟೋಬರಿನಲ್ಲಿ.

ಮುಂದಿನದೆಲ್ಲ ಸದ್ದಿಲ್ಲದೆ ನಡೆಯಿತು. 1950ರಲ್ಲಿ ರಾಜಪ್ರಮುಖರು. 1956ರಲ್ಲಿ ಮುಂಬಯಿ, ಹೈದರಾಬಾದು, ಮದರಾಸುಗಳ ಕನ್ನಡ ಭಾಗಗಳೂ ಕೊಡಗೂ ಕೂಡಿದ ಹೊಸ ರಾಜ್ಯಕ್ಕೆ ಮೊದಲ ರಾಜ್ಯಪಾಲರು. 1964ರಲ್ಲಿ ಮದರಾಸಿಗೆ ವರ್ಗ. ಹೌದು, ವರ್ಗವೇ; ಗುಮಾಸ್ತರಿಗೂ ನಮಗೂ ಆಗುವಂಥದು. ವಂಶದ ಹೆಸರು ನಡೆಯದ ಊರಿನಲ್ಲಿ ಎರಡು ವರ್ಷ ರಾಜ್ಯಪಾಲರಾಗಿದ್ದು 1966ರಲ್ಲಿ ಆ ಹುದ್ದೆಯಿಂದಲೂ ಹೊರಬಂದರು. ನನಗೆ ಅವರ ಬಗ್ಗೆ ಗೌರವ ಹುಟ್ಟುವುದು ಪಟ್ಟದ ಕಥೆಗಿಂತ ಈ ವರ್ಗಾವಣೆಯ ಕಥೆಯಿಂದ.

ಇದು ಸಾಧ್ಯವಾದದ್ದು ಅವರಿಗೆ ಬೇರೊಂದು ರಾಜ್ಯವಿದ್ದುದರಿಂದ ಎಂದು ನನ್ನ ಊಹೆ. ಲಂಡನ್ನಿನಲ್ಲಿ ಕಾಯಿಲೆಯಿಂದ ನರಳುತ್ತ, ಮರೆಯಾಗುತ್ತಿದ್ದ ರಷ್ಯದ ಸಂಗೀತಗಾರ ಮೆಡ್ಟ್‌ನರರ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಇವರೇ. ಆತ ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಇತ್ತ ವಾಸುದೇವಾಚಾರ್ಯರಂಥವರ ನೆರಳಲ್ಲಿ ಕರ್ನಾಟಕ ಸಂಗೀತಕ್ಕೆ ಮನಸ್ಸು ತಿರುಗಿತು. ‘ಶ್ರೀವಿದ್ಯಾ’ ಅಂಕಿತದಲ್ಲಿ 90ಕ್ಕೂ ಹೆಚ್ಚು ಕೃತಿಗಳು ಹುಟ್ಟಿದವು. ಎಲ್ಲ ಸಂಸ್ಕೃತದಲ್ಲಿ! ಕನ್ನಡದ ಮೇಷ್ಟರಿಗೆ ಇದೊಂದು ಸಣ್ಣ ಕೊರಗು. ಆದರೆ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಋಗ್ವೇದ ಸಂಪುಟಗಳ ಮುಂದೆ ನಿಂತರೆ ಆ ಕೊರಗು ನಿಲ್ಲದು. ಸಂಸ್ಕೃತ ಬಾರದ ಕನ್ನಡಿಗನಿಗೂ ವೇದದ ಅರ್ಥ ಸಿಗುವಂತೆ ಮಾಡಿದ ಮಾಲೆ ಅದು.

1971ರಲ್ಲಿ ರಾಜಧನವೂ ರದ್ದಾಯಿತು. 1974ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಅರಮನೆಯಲ್ಲಿ ಅವರು ತೀರಿಕೊಂಡಾಗ ವಯಸ್ಸು ಐವತ್ತೈದು. ಅಠಾಣ ರಾಗದ ಅವರ ಗಣಪತಿ ಕೃತಿಯನ್ನು ವಿದ್ವಾಂಸರು ಇಂದಿಗೂ ಕಚೇರಿಯ ಮೊದಲಿಗೆ ಎತ್ತಿಕೊಳ್ಳುವುದುಂಟು. ರಚಿಸಿದವರು ಯಾರೆಂದು ಕೇಳದೆಯೇ ಸಭಿಕರು ತಾಳ ಹಾಕುತ್ತಾರೆ.