ಬಿಡಾರ ಹೂಡಿದ ಠಾವು

ಈ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಪೂರ್ವ ವಿದ್ಯಾರ್ಥಿನಿಯರು ನಮ್ಮನ್ನು ಕೇಳಿಕೊಂಡಾಗ, ವಾರ್ಷಿಕ ವರದಿಗಳಲ್ಲಿ ಶಾಲೆಯ ಏಳಿಗೆಯನ್ನು ಓದಿ ಓದಿ ದಣಿದಿರುವವರಿಗೆ ಪುನಃ ಅದನ್ನೇ ಬಡಿಸುವುದು ನಮಗೆ ಸರಿದೋರಲಿಲ್ಲ. ಆದಕಾರಣ ಸನ್ 2011ನೇ ಇಸವಿಯ ಜನವರಿಯಲ್ಲಿ ಒಂಬತ್ತನೆಯ ತರಗತಿಯ ಹದಿನಾಲ್ಕು ಮಂದಿ ಬಾಲಿಕೆಯರ ಸಂಗಡ ಕುಮಾರ ಪರ್ವತಕ್ಕೆ ಹೋಗಿಬಂದ ಮೂರು ದಿನಗಳ ಕಾಲ್ನಡಿಗೆಯ ಒಂದು ಸಂಗತಿಯನ್ನು ಬರೆಯುತ್ತೇವೆ. ಆಗ ನಾವು ಮುಖ್ಯೋಪಾಧ್ಯಾಯಿನಿಯಲ್ಲ, ಗಣಿತ ಕಲಿಸುತ್ತಿದ್ದ ಸಹೋಪಾಧ್ಯಾಯಿನಿ. ಆ ಹುಡುಗಿಯರಲ್ಲಿ ಕೆಲವರು ಈಗ ತಾಯಂದಿರಾಗಿದ್ದಾರೆ; ನಮ್ಮ ನೆನಪು ಎಲ್ಲಿಯಾದರೂ ತಪ್ಪಿದ್ದರೆ ಅವರೇ ತಿದ್ದಲಿ.

ಕೊಡಗಿನ ಕಡೆಯವರು ಪುಷ್ಪಗಿರಿಯೆಂದು ಕರೆಯುವ ಈ ಬೆಟ್ಟದ ಎತ್ತರ 1,712 ಮೀಟರ್. ಘಟ್ಟದ ಬುಡದಲ್ಲಿರುವ ಸುಬ್ರಹ್ಮಣ್ಯದಿಂದ ಹೊರಟರೆ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿ ಏರಬೇಕು; ದಾರಿ ಒಂದು ಕಡೆಗೇ ಸುಮಾರು 13 ಕಿಲೋಮೀಟರ್. ಮೊದಲರ್ಧ ದಟ್ಟವಾದ ಕಾಡು. ಅದು ಮುಗಿಯುವಲ್ಲಿ ಗಿರಿಗದ್ದೆ. ಅಲ್ಲಿನ ಭಟ್ಟರ ಮನೆಯಲ್ಲಿ ದಣಿದು ಬಂದವರಿಗೆ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ದೊರೆಯುತ್ತಿದ್ದುದನ್ನು ಬೆಟ್ಟ ಹತ್ತಿದವರು ಯಾರೂ ಮರೆತಿರಲಾರರು. ಅದರಾಚೆ ಅರಣ್ಯ ಇಲಾಖೆಯ ಠಾಣೆ. ಅಲ್ಲಿಂದ ಮೇಲೆ ನೆರಳಿಲ್ಲದ ಹುಲ್ಲಿನ ಬೆಟ್ಟ, ಕಲ್ಲು ಮಂಟಪ, ಶೇಷ ಪರ್ವತ, ಮತ್ತೆ ಒಂದು ಕಾಡಿನ ತಗ್ಗು, ಒಂದು ಬಂಡೆಯ ಏರು, ಅನಂತರ ಶಿಖರ.

ಪ್ರಶ್ನೆಯಿದ್ದುದು ಎರಡನೆಯ ದಿನದ್ದು. ಗಂಟುಮೂಟೆಗಳನ್ನು ಗಿರಿಗದ್ದೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಶಿಖರಕ್ಕೆ ಹೋಗಿ ಸಂಜೆಯೊಳಗೆ ಹಿಂದಿರುಗುವುದು ಒಂದು ಕ್ರಮ. ಎಲ್ಲವನ್ನೂ ಹೊತ್ತು ಶೇಷ ಪರ್ವತಕ್ಕೇರಿ ಅಲ್ಲಿ ಡೇರೆ ಹೂಡಿ, ಮರುದಿನ ಶಿಖರದ ಮೇಲೆ ಸೂರ್ಯೋದಯವನ್ನು ಕಾಣುವುದು ಇನ್ನೊಂದು. ಆಗ ಕೆಲವರು ಹಾಗೆ ಮಾಡುತ್ತಿದ್ದರು. (ಈಗ ಮೇಲೆ ರಾತ್ರಿ ತಂಗಲು ಅಪ್ಪಣೆಯಿಲ್ಲ. 2024ರ ಜನವರಿಯಲ್ಲಿ ರಜಾದಿನಗಳ ಜನಜಂಗುಳಿಯಾದ ಮೇಲೆ ಅರಣ್ಯ ಇಲಾಖೆಯವರು ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಮುಂಗಡವಾಗಿ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸುವ ಕ್ರಮವನ್ನು ತಂದರು. ಹೋಗಬಯಸುವ ತಾಯಿತಂದೆಗಳು ಮೊದಲು ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.) ಹುಡುಗಿಯರೆಲ್ಲರೂ ಸೂರ್ಯೋದಯದ ಪಕ್ಷ. ನಿಜ ಹೇಳುವುದಾದರೆ ನಮ್ಮ ಮನಸ್ಸೂ ಅತ್ತಲೇ ಇತ್ತು; ಯಾಕಂದರೆ ಶಾಲೆಯಲ್ಲಿ ಅದನ್ನು ಹೇಳಿಕೊಳ್ಳುವ ಸುಖ ಸಣ್ಣದಲ್ಲ.

ಆದರೆ ಹೊರಡುವ ಮುನ್ನಾದಿನ ಒಬ್ಬ ತಾಯಿಯು ಶಾಲೆಗೆ ಬಂದು, ತನ್ನ ಮಗಳಿಗೆ ಉಬ್ಬಸವಿರುವುದನ್ನು ತಿಳಿಸಿ, "ಟೀಚರೇ, ಅವಳಿಗೆ ಬರುವ ಆಸೆ ಉಂಟು, ನಾನು ಬೇಡವೆನ್ನುವುದಿಲ್ಲ. ರಾತ್ರಿ ಮಾತ್ರ ಜನ ಇರುವ ಜಾಗದಲ್ಲಿ ಮಲಗಿಸಿ" ಎಂದು ಕೇಳಿಕೊಂಡಿದ್ದರು. ನಾವು ಮಾತು ಕೊಟ್ಟಿದ್ದೆವು. ಮೊದಲ ದಿನ ಗಿರಿಗದ್ದೆಯನ್ನು ಮುಟ್ಟುತ್ತಲೇ, ಎರಡು ರಾತ್ರಿಯೂ ಇಲ್ಲಿಯೇ ಬಿಡಾರ, ನಾಳೆ ಶಿಖರಕ್ಕೆ ಹೋಗಿ ಬರುವುದು ಎಂದು ಹೇಳಿಬಿಟ್ಟೆವು. ಕಾರಣ ಹೇಳಲಿಲ್ಲ. ಉಪಾಧ್ಯಾಯಿನಿಯು ಕಾರಣ ಹೇಳತಕ್ಕದ್ದಲ್ಲವೆಂಬ ಭಾವನೆ ಆ ವಯಸ್ಸಿನಲ್ಲಿ ನಮಗೆ ಬಲವಾಗಿಯೇ ಇತ್ತು.

ಡೇರೆಗೆ ಠಾವನ್ನು ಹುಡುಗಿಯರೇ ಆರಿಸಲೆಂದು ಬಿಟ್ಟೆವು. ಅವರು ಓಡಿಹೋಗಿ ತೊರೆಯ ಬದಿಯಲ್ಲಿ ಮೆತ್ತಗೆ ಹುಲ್ಲು ಬೆಳೆದಿದ್ದ ಒಂದು ತಗ್ಗನ್ನು ಹಿಡಿದರು. ನಮಗೂ ಅದು ಹಾಸಿಗೆಯಂತೆಯೇ ಕಂಡಿತು. ದಾರಿ ತೋರಿಸಲು ಬಂದಿದ್ದಾತನು ಮಾತ್ರ ತಲೆಯಲ್ಲಾಡಿಸಿ, "ಇಲ್ಲಿ ಬೇಡ ಅಮ್ಮಾ. ರಾತ್ರಿ ಚಳಿಯೆಲ್ಲ ಇಲ್ಲಿಗೇ ಇಳಿಯುತ್ತದೆ. ಕಾಟಿಗಳು ನೀರಿಗೆ ಬರುವ ದಾರಿಯೂ ಇದೇ" ಎಂದು ಕೆಸರಿನಲ್ಲಿದ್ದ ಗೊರಸಿನ ಗುರುತುಗಳನ್ನು ತೋರಿಸಿದನು. ತಣ್ಣನೆಯ ಗಾಳಿಯು ಭಾರವಾದುದರಿಂದ ನೀರಿನಂತೆ ತಗ್ಗಿಗೆ ಹರಿಯುವುದೆಂಬುದನ್ನು ನಾವೇ ಪಾಠ ಹೇಳಿದವರು; ಹುಲ್ಲನ್ನು ಕಂಡಾಗ ಅದು ನೆನಪಿಗೆ ಬರಲಿಲ್ಲ. ಅವನು ಒಣಗಿದ ಮರವಿಲ್ಲದ, ಮನೆಗೆ ಕೂಗಳತೆಯಲ್ಲಿದ್ದ, ತುಸು ಇಳಿಜಾರಾದ ಒಂದು ಬಯಲನ್ನು ತೋರಿಸಿದನು. ನೆಲ ಗಟ್ಟಿ, ಕಲ್ಲು ಬಹಳ. ಕಲ್ಲುಗಳನ್ನು ಆಯ್ದು, ತಲೆ ಮೇಲುಗಡೆಗೆ ಬರುವಂತೆ ಹಾಸಿಗೆ ಹಾಸಿದ್ದಾಯಿತು. ಶೌಚಕ್ಕೆ ನೀರಿನಿಂದ ಎಪ್ಪತ್ತು ಹೆಜ್ಜೆಗಿಂತ ದೂರದಲ್ಲಿ ಸೀರೆಯ ಮರೆ ಕಟ್ಟಿದೆವು; ಹುಡುಗಿಯರನ್ನು ಕರೆದೊಯ್ಯುವವರು ಇದನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕಾಗುತ್ತದೆ, ಆದರೂ ಯಾವ ಪುಸ್ತಕದಲ್ಲಿಯೂ ಇದು ಮೊದಲ ಪುಟದಲ್ಲಿರುವುದಿಲ್ಲ.

ಊಟದ ಹೊತ್ತಿಗೆ ಆ ಹುಡುಗಿಯು ಕಾಣಿಸಲಿಲ್ಲ. ಡೇರೆಯೊಳಗೆ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ದಾರಿಯಲ್ಲಿ ಅವಳು ಇನ್‌ಹೇಲರ್ ಎಳೆದುಕೊಂಡುದನ್ನು ಉಳಿದವರು ಕಂಡಿದ್ದರು. ಸೂರ್ಯೋದಯ ತಪ್ಪಿದ್ದು ಇವಳ ದೆಸೆಯಿಂದಲೆಂದು ಊಹಿಸಿದ್ದರು. ಊಹಿಸಿದ್ದನ್ನು ಅವಳಿಗೆ ಕೇಳಿಸುವಂತೆ ಆಡಿಯೂ ಇದ್ದರು. ನಮಗೆ ಸಿಟ್ಟು ಬಂದಿತು. ಗದರಿಸಲು ಹೊರಟ ನಮ್ಮನ್ನು ಜೊತೆಗಿದ್ದ ಹಿರಿಯ ಉಪಾಧ್ಯಾಯಿನಿಯವರು ತಡೆದು, "ಅವರನ್ನು ಬೈದು ಏನು ಪ್ರಯೋಜನ? ನೀವು ಲೆಕ್ಕದ ಟೀಚರಲ್ಲವೇ? ಲೆಕ್ಕವನ್ನು ಅವರಿಂದಲೇ ಮಾಡಿಸಿ" ಎಂದರು.

ದಾರಿ ತೋರಿಸುವಾತನನ್ನು ಕರೆದು, ಮೇಲೆ ನೀರು ಹೇಗಿದೆಯೆಂದು ಎಲ್ಲರ ಮುಂದೆ ಕೇಳಿದೆವು. ಆ ವರ್ಷ ಶೇಷ ಪರ್ವತದ ಮೇಲೆ ನೀರಿಲ್ಲ, ಕಲ್ಲು ಮಂಟಪದ ಬಳಿ ಒಸರುವುದೂ ನೂಲಿನಷ್ಟೇ ಎಂದನು. ಹುಡುಗಿಯರು ಲಾಂದ್ರದ ಬೆಳಕಿನಲ್ಲಿ ಲೆಕ್ಕಕ್ಕೆ ಕುಳಿತರು. ನಾವು ಒಟ್ಟು ಹದಿನೆಂಟು ಮಂದಿ. ಅಡಿಗೆಗೂ ಕುಡಿಯಲಿಕ್ಕೂ ಒಂದು ರಾತ್ರಿ ಹಾಗೂ ಮರುದಿನದ ಮಧ್ಯಾಹ್ನದ ತನಕ ತಲೆಗೆ ನಾಲ್ಕು ಲೀಟರ್, ಒಟ್ಟು 72. ಒಂದು ಲೀಟರಿನ ತೂಕ ಒಂದು ಕಿಲೋಗ್ರಾಂ. ಹಾಸಿಗೆ, ಅಕ್ಕಿ, ಡೇರೆ ಸೇರಿ ಒಬ್ಬೊಬ್ಬಳ ಬೆನ್ನಿನ ಮೇಲೆ ಆಗಲೇ ಆರು. ನೀರೂ ಸೇರಿದರೆ ಹತ್ತು. "ನನ್ನ ತೂಕದ ಕಾಲು ಪಾಲು, ಟೀಚರ್!" ಎಂದು ಒಬ್ಬಳು ಕೂಗಿದಳು. ಅನಂತರ ಯಾರೂ ಸೂರ್ಯೋದಯದ ಮಾತೆತ್ತಲಿಲ್ಲ. ಮಲಗಿದ್ದವಳು ಎದ್ದುಬಂದು ತಟ್ಟೆ ಹಿಡಿದಳು. ನಾವು ಗೆದ್ದೆವೆಂದುಕೊಂಡೆವು.

ಬೆಳಕು ಹರಿಯುವಾಗ ನೋಡಿದರೆ ಹುಡುಗಿಯರು ಆರಿಸಿದ್ದ ಆ ತಗ್ಗು ಮಂಜಿನಿಂದ ತುಂಬಿ ಹಾಲಿನ ಬಟ್ಟಲಿನಂತಿತ್ತು. ನಮ್ಮ ಡೇರೆಗಳು ಬಹುಮಟ್ಟಿಗೆ ಒಣಗಿಯೇ ಇದ್ದವು. ಹಿರಿಯರನ್ನು ಬಿಡಾರದ ಕಾವಲಿಗೆ ಬಿಟ್ಟು, ಅವಲಕ್ಕಿ, ಬೆಲ್ಲ, ಸೀಟಿ, ಟಾರ್ಚು, ಎರಡೆರಡು ಲೀಟರ್ ನೀರು, ಇಷ್ಟೇ ಎತ್ತಿಕೊಂಡು ಹೊರಟೆವು. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೂ ಹಿಂದಕ್ಕೆ ತಿರುಗತಕ್ಕದ್ದೆಂದು ಮೊದಲೇ ಗೊತ್ತುಮಾಡಿದ್ದೆವು. ಕೆಳಗೆ ಬಿಡಾರ ಮಾಡುವವರಿಗೆ ಇದೊಂದು ಕಟ್ಟಳೆ ತಪ್ಪಿದ್ದಲ್ಲ, ಯಾಕಂದರೆ ಇಳಿಯಲು ಹಗಲು ಉಳಿದಿರಬೇಕು.

ಕಲ್ಲು ಮಂಟಪ ಮುಟ್ಟುವಷ್ಟರಲ್ಲಿ ಆ ಹುಡುಗಿಗೆ ಎದೆ ಬಿಗಿಯಿತು. ಔಷಧ ಎಳೆದುಕೊಂಡ ಮೇಲೆ ಉಸಿರು ತಿಳಿಯಾಯಿತಾದರೂ ಮುಂದಕ್ಕೆ ಕರೆದೊಯ್ಯುವುದು ಸರಿಯಲ್ಲವೆಂದು ಕಂಡಿತು. ವ್ಯಾಯಾಮ ಶಿಕ್ಷಕಿಯವರೂ ದಾರಿ ತೋರಿಸುವಾತನೂ ಉಳಿದ ಹದಿಮೂರು ಮಂದಿಯನ್ನು ಕರೆದುಕೊಂಡು ಹೊರಟರು. ನಾವು ಅವಳ ಸಂಗಡ ಉಳಿದೆವು. ಶೇಷ ಪರ್ವತದ ಮೈಮೇಲೆ ಅವರು ಇರುವೆಗಳಂತೆ ಸಣ್ಣಗಾಗುತ್ತ ಹೋದುದನ್ನು ನೋಡಿ ನಮಗೆ ಸ್ವಲ್ಪ ಹೊಟ್ಟೆಯುರಿಯಿತೆಂಬುದನ್ನು ಮುಚ್ಚಿಡುವುದಿಲ್ಲ. ಆ ಶಿಖರವನ್ನು ನಾವು ಇಂದಿಗೂ ಕಂಡಿಲ್ಲ.

ಸುಮ್ಮನೆ ಕುಳಿತಿರಲಾರದೆ ಅವಳು ನೂಲಿನಂತೆ ಇಳಿಯುತ್ತಿದ್ದ ನೀರಿಗೆ ಒಂದು ಎಲೆಯನ್ನು ದೋಣಿಯಂತೆ ಸಿಕ್ಕಿಸಿ, ಲೀಟರಿನ ಶೀಸೆ ಹಿಡಿದು, ನಮ್ಮ ಕೈಗಡಿಯಾರವನ್ನು ಕೇಳಿ ತೆಗೆದುಕೊಂಡಳು. ಶೀಸೆ ತುಂಬಲು ಹನ್ನೊಂದು ನಿಮಿಷ. ಬೆರಳಿನಿಂದ ಧೂಳಿನಲ್ಲಿ ಬರೆದು, "72 ಲೀಟರಿಗೆ ಹದಿಮೂರು ತಾಸು ಹನ್ನೆರಡು ನಿಮಿಷ, ಟೀಚರ್. ಇಲ್ಲಿಯೂ ಬಿಡಾರ ಆಗುತ್ತಿರಲಿಲ್ಲ" ಎಂದಳು. ಆ ದಿನ ಅವಳು ನಕ್ಕಿದ್ದು ಆಗಲೇ ಮೊದಲು. ಬಳಿಕ ಸ್ವಲ್ಪ ಹೊತ್ತು ಬಿಟ್ಟು, "ನೀರು ಇದ್ದಿದ್ದರೆ?" ಎಂದು ಕೇಳಿದಳು.

ನಾವು ಉತ್ತರವನ್ನು ತೂಗಿನೋಡಿದೆವು. ಕೊನೆಗೆ, "ಇದ್ದಿದ್ದರೂ ನಾನು ಕೆಳಗೇ ಇರಿಸುತ್ತಿದ್ದೆ. ನಿನ್ನ ತಾಯಿಗೆ ಮಾತು ಕೊಟ್ಟಿದ್ದೆ" ಎಂದೆವು.

"ಹಾಗಾದರೆ ನಿನ್ನೆಯೇ ನನಗೊಬ್ಬಳಿಗೆ ಹೇಳಬಹುದಿತ್ತು, ಟೀಚರ್. ನಾನೇ ಅವರಿಗೆ ಹೇಳುತ್ತಿದ್ದೆ."

ಅದಕ್ಕೆ ನಮ್ಮಲ್ಲಿ ಮಾತಿರಲಿಲ್ಲ. ಅವಳು ಪುನಃ ನೀರಿನ ಬಳಿಗೆ ಹೋದಳು. ತುಂಬಿಕೊಂಡು ಹೋಗೋಣವೆಂದು ಐದೈದು ಲೀಟರಿನ ಎರಡು ಕ್ಯಾನುಗಳನ್ನು ತಂದಿದ್ದೆವು. ಎರಡನ್ನೂ ತುಂಬಿಸಿ, ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿ, ಮಂಟಪದ ನೆರಳಿನಲ್ಲಿಟ್ಟಳು. ಒಂದೂವರೆ ಗಂಟೆಯಾದ ಮೇಲೆ ಮೇಲಿನಿಂದ ಸೀಟಿ ಕೇಳಿಸಿತು. ಅವಳು ಕಂಬಕ್ಕೆ ಆತುಕೊಂಡು ನಿಂತು ಹುಡುಗಿಯರನ್ನು ಎಣಿಸಿ, "ಹದಿಮೂರೂ ಉಂಟು" ಎಂದಳು. ಅವರ ಶೀಸೆಗಳೆಲ್ಲ ಬರಿದಾಗಿದ್ದವು. ಹಿಂದಿನ ರಾತ್ರಿ ಎಲ್ಲರಿಗಿಂತ ಗಟ್ಟಿಯಾಗಿ ಆಡಿದ್ದವಳೇ ಮೊದಲು ಬಂದು ತಲುಪಿದಳು. ಅವಳಿಗೇ ಮೊದಲು ಲೋಟ ಸಿಕ್ಕಿತು. ಇಬ್ಬರೂ ಏನೂ ಹೇಳಲಿಲ್ಲ. ನಾಲ್ಕೂಕಾಲಕ್ಕೆ ಬಿಡಾರವನ್ನು ಮುಟ್ಟಿದಾಗ ಹಿರಿಯರು ಕಾಫಿಗೆ ನೀರಿಟ್ಟಿದ್ದರು.