ಬ್ಲಾಕ್ ಹತ್ತುವ ಮುನ್ನ

ಪ್ರೀತಿಯ ಪುಟ್ಟಿ,

ನೀನು ಮಾಸ್ಟರ್ಸ್ ಈಜು ಮೀಟ್‌ಗೆ ಹೆಸರು ಕೊಟ್ಟ ಸುದ್ದಿ ಕೇಳಿ ನಿನ್ನ ದೊಡ್ಡಮ್ಮ ಮೊದಲು, "ಎರಡು ಮಕ್ಕಳ ತಾಯಿಗೆ ಇದೆಲ್ಲ ಯಾಕೆ" ಅಂದರು. ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ಹೆಮ್ಮೆಯಿಂದ ಹೇಳಿಕೊಂಡವರೂ ಅವರೇ. ನನಗಂತೂ ಖುಷಿಯೋ ಖುಷಿ.

50 ಮೀಟರ್ ಫ್ರೀಸ್ಟೈಲ್ ಈಜೋಕೆ ಭಯವಿಲ್ಲ, ಸ್ಟಾರ್ಟಿಂಗ್ ಬ್ಲಾಕ್ ಮೇಲಿಂದ ಹಾರೋದೇ ಭಯ ಅಂದೆಯಲ್ಲ. ಗ್ರ್ಯಾಬ್ ಸ್ಟಾರ್ಟೋ ಟ್ರ್ಯಾಕ್ ಸ್ಟಾರ್ಟೋ ಅಂತ ರಾತ್ರಿಯೆಲ್ಲ ವಿಡಿಯೋ ನೋಡ್ತಾ ಕೂತಿದ್ದೀಯಂತೆ. ಒಂದು ಸೀರೆ ಆರಿಸೋಕೆ ಇಡೀ ಅಂಗಡಿ ಇಳಿಸುವವಳು ನೀನು, ಇದೊಂದನ್ನು ಬೇಗ ಬಿಡ್ತೀಯಾ! ಅದಕ್ಕೇ ನಾನೇ ಹೇಳಿಬಿಡ್ತೀನಿ: ಟ್ರ್ಯಾಕ್ ಸ್ಟಾರ್ಟ್ ಕಲಿ.

ಗ್ರ್ಯಾಬ್‌ನಲ್ಲಿ ಎರಡೂ ಪಾದ ಬ್ಲಾಕ್‌ನ ಅಂಚಿಗೇ ಬರಬೇಕು. ಎರಡೂ ಕಾಲು ಒಟ್ಟಿಗೆ ಒದೆಯೋದರಿಂದ ಜೋರು ಸಿಗುತ್ತೆ, ನಿಜ. ಆದರೆ ಮೈಭಾರ ಪೂರ್ತಿ ತುದಿಯಲ್ಲಿ ತೂಗ್ತಿರುತ್ತೆ. ಸ್ವಲ್ಪ ಅಲುಗಾಡಿ, ಸಿಗ್ನಲ್‌ಗಿಂತ ಮೊದಲೇ ನೀರಿಗೆ ಹೋದೆಯೋ, ಅನರ್ಹ. ಎರಡನೇ ಅವಕಾಶ ಇಲ್ಲ. ಟ್ರ್ಯಾಕ್‌ನಲ್ಲಿ ಓಟದ ಪಂದ್ಯಕ್ಕೆ ನಿಂತ ಹಾಗೆ ಒಂದು ಕಾಲು ಹಿಂದಿರುತ್ತೆ. ನಿನ್ನಂಥ ಹೊಸಬರಿಗೆ ಆ ಹಿಂದಿನ ಕಾಲು ಕೊಡುವ ನೆಮ್ಮದಿ ದೊಡ್ಡದು. ಹಿಂದೆ ಓರೆಯಾದ ಪ್ಲೇಟ್ ಇರುವ ಬ್ಲಾಕ್ ಸಿಕ್ಕರಂತೂ ಇನ್ನೂ ಒಳ್ಳೆಯದು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಈಜುಗಾರರು ಹಾರಿದ್ದು ಅಂಥ ಬ್ಲಾಕ್‌ಗಳಿಂದಲೇ. ಎಲ್ಲ ಕೊಳದಲ್ಲೂ ಅದಿರಲ್ಲ, ಮೊದಲೇ ವಿಚಾರಿಸಿಕೋ.

ಯಾವ ಕಾಲು ಮುಂದೆ? ಕಣ್ಣು ಮುಚ್ಚಿ ನಿಂತು, ಮನೆಯವರ ಕೈಯಲ್ಲಿ ಬೆನ್ನಿಗೆ ಮೆಲ್ಲಗೆ ತಳ್ಳಿಸಿಕೋ. ತಾನಾಗಿ ಮುಂದೆ ಬರುವ ಕಾಲನ್ನೇ ಮೊದಲು ಮುಂದಿಟ್ಟು ನೋಡು. ಆದರೆ ಅದೇ ಕೊನೆ ಮಾತಲ್ಲ. ಒಂದೊಂದು ಸಲ ಒಂದೊಂದು ಕಾಲು ಮುಂದಿಟ್ಟು ಹಾರಿ, 15 ಮೀಟರ್ ಗೆರೆ ಮುಟ್ಟೋಕೆ ಎಷ್ಟು ಹೊತ್ತಾಯ್ತು ಅಂತ ಕೋಚ್ ಹತ್ತಿರ ಅಳೆಸಿಕೋ.

ಇನ್ನು ಆ ಗಳಿಗೆ. "ಟೇಕ್ ಯುವರ್ ಮಾರ್ಕ್ಸ್" ಅಂದಮೇಲೆ ಎಲ್ಲ ಸ್ತಬ್ಧ. ನಿನ್ನ ಎದೆಬಡಿತ ನಿನಗೇ ಕೇಳಿಸುತ್ತೆ. ಆಗ ಮುಂದಿನ ಕಾಲಿನ ಬೆರಳುಗಳು ಬ್ಲಾಕ್‌ನ ಅಂಚನ್ನು ಬಿಗಿಯಾಗಿ ಕಚ್ಚಿಕೊಂಡಿರಲಿ, ಹಿಂದಿನ ಹಿಮ್ಮಡಿ ಎತ್ತಿರಲಿ, ಗದ್ದ ಒಳಗಿರಲಿ. ತಲೆಯೆತ್ತಿ ಆಚೆ ದಡ ನೋಡಬೇಡ. ನೋಡಿದೆಯೋ ಹೊಟ್ಟೆಗೆ ನೀರು ಚಟೀರನೆ ಹೊಡೆಯುತ್ತೆ, ಗಾಗಲ್ಸ್ ಬಾಯಿಗೆ ಬರುತ್ತೆ. ಕೈಮೇಲೆ ಕೈ ಒತ್ತಿ, ತೋಳು ಕಿವಿಯ ಹಿಂದೆ ಸೇರಿಸಿ, ಬೆರಳತುದಿ ಹೊಕ್ಕ ಜಾಗದಲ್ಲೇ ತಲೆ, ಸೊಂಟ, ಪಾದ ಹೊಕ್ಕಿತೆನ್ನು, ಆಗ ಮೈಗೆ ಏನೂ ತಾಕಿದ ಹಾಗೇ ಇರಲ್ಲ. ಅದೊಂದು ಸಲ ಆಗಲಿ, ನೀನೇ ಮತ್ತೆ ಮತ್ತೆ ಬ್ಲಾಕ್ ಹತ್ತುತ್ತೀಯ.

ನನ್ನ ನಿಜವಾದ ಚಿಂತೆ ಬೇರೆ. ನಿಮ್ಮ ಅಪಾರ್ಟ್‌ಮೆಂಟಿನ ನಾಲ್ಕಡಿ ಕೊಳದಲ್ಲಿ ದಯವಿಟ್ಟು ಹಾರಬೇಡ ಕಣೇ. ಅಂತರರಾಷ್ಟ್ರೀಯ ಈಜು ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್‌ನ ನಿಯಮದಲ್ಲಿ, ಬ್ಲಾಕ್ ಇರುವ ಕಡೆ ಗೋಡೆಯಿಂದ 1 ಮೀಟರ್‌ನಿಂದ 6 ಮೀಟರ್‌ವರೆಗೆ ಕನಿಷ್ಠ 1.35 ಮೀಟರ್ ಆಳ ಇರಬೇಕು. ಅದೂ ಹಾರಿ ಪಳಗಿದವರಿಗೆ. ಕಲಿಯುವವಳಿಗೆ ಇನ್ನೂ ಆಳ ಬೇಕು. ಕತ್ತಿನ ಮೂಳೆ ಮುರಿದರೆ ಜೀವನಪೂರ್ತಿ ಅನುಭವಿಸಬೇಕಾಗುತ್ತೆ. ಕೋಚ್ ಇಲ್ಲದೆ ಬೇಡ. ಬಗ್ಗಿ ನಿಂತಾಗ ತಲೆ ಸುತ್ತಿದರೆ ಬ್ಲಾಕ್‌ನಿಂದ ಇಳಿದುಬಿಡು, ಡಾಕ್ಟರಿಗೆ ತೋರಿಸು.

ಮೀಟ್ ದಿನದವರೆಗೂ ಧೈರ್ಯ ಬಾರದಿದ್ದರೆ? ಮಾಸ್ಟರ್ಸ್‌ನಲ್ಲಿ ದಡದ ಮೇಲೆ ನಿಂತು ಹಾರಬಹುದು. ನೀರಿಗಿಳಿದು ಗೋಡೆ ಒದ್ದೂ ಶುರು ಮಾಡಬಹುದು. ನಿಯಮವೇ ಒಪ್ಪಿದೆ. ಇಪ್ಪತ್ತೈದು ವಯಸ್ಸಿನಿಂದ ಐದೈದು ವರ್ಷಕ್ಕೊಂದು ಗುಂಪು ಮಾಡಿ ಈಜಿಸುವ ಕೂಟ ಅದು, ಎಲ್ಲರ ಮಂಡಿ, ಸೊಂಟ ಒಂದೇ ಥರ ಇರಲ್ಲ ಅಂತ ಅವರಿಗೆ ಗೊತ್ತು. ನೀರಲ್ಲೇ ಶುರು ಮಾಡಿದರೆ ನಾಚಿಕೆಪಡಬೇಡ. ನಾನು ಗ್ಯಾಲರಿಯಲ್ಲಿ ಅಷ್ಟೇ ಜೋರಾಗಿ ಕೂಗ್ತೀನಿ.

ಹಾರಿದ ವಿಡಿಯೋ ಪಕ್ಕದಿಂದ ತೆಗೆಸಿ ಕಳಿಸು. ಮುಂದಿನಿಂದ ತೆಗೆದರೆ ಏನೂ ಗೊತ್ತಾಗಲ್ಲ. ದೊಡ್ಡಮ್ಮ ಚಕ್ಕುಲಿ ಕೊರಿಯರ್ ಮಾಡಿದ್ದಾರೆ. ಮೀಟ್ ದಿನ ಬೆಳಿಗ್ಗೆ ಮಾತ್ರ ಡಬ್ಬಿ ಮಕ್ಕಳ ಕೈಗೆ ಕೊಟ್ಟುಬಿಡು.

ನಿನ್ನ ಅಕ್ಕ