ಲಗಾಮು ಸಡಿಲಿಸಿದ ಮೇಲೆ

ಮಾಟುಂಗದಲ್ಲಿ ನಲವತ್ತು ವರ್ಷ ಕಳೆದ ನನಗೆ ಕುದುರೆಯೆಂದರೆ ಮಹಾಲಕ್ಷ್ಮಿಯ ರೇಸು ಮತ್ತು ಹಿಂದೆ ಮುಂಬಯಿಯಲ್ಲಿ ಓಡಾಡುತ್ತಿದ್ದ ವಿಕ್ಟೋರಿಯಾ ಗಾಡಿ, ಇವೆರಡೇ. ಅಂಥವನು ಅಮೆರಿಕೆಯ ಟೆಕ್ಸಾಸಿನಲ್ಲಿ ದನ ಕಾಯುವ ಕುದುರೆಗಳ ಪರೀಕ್ಷೆ ನೋಡಲು ಹೋಗಿ ಕುಳಿತೆನೆಂದರೆ ವಾಚಕರು ನಕ್ಕಾರು. ಡಲ್ಲಾಸಿನಲ್ಲಿರುವ ಮಗನೇ, "ಅಪ್ಪಾ, ಪ್ಯಾಟಿ ನೋಡಿದ್ದು ಸಾಕು, ಇವತ್ತ ದನಾ ನೋಡೂಣು ಬರ್ರಿ" ಎಂದು ಹೊರಡಿಸಿದ. ಫೋರ್ಟ್ ವರ್ತ್ ನಗರ ಅಲ್ಲಿಂದ ಐವತ್ತು ಕಿಲೋಮೀಟರು. ಕಾರು ನಡೆಸುತ್ತಿದ್ದವನು ಅವನು. ಕೂತಲ್ಲೇ ಬ್ರೇಕು ಒತ್ತುತ್ತಿದ್ದವನು ನಾನು! "ನಿಧಾನ, ಆ ಕಡೆ ನೋಡು" ಎಂಬ ನನ್ನ ಉಪದೇಶ ಊರು ಮುಟ್ಟುವ ತನಕ ನಿಲ್ಲಲಿಲ್ಲ.

ಫೋರ್ಟ್ ವರ್ತ್‌ಗೆ 'ದನಗಳ ಊರು' ಎಂದೇ ಅಡ್ಡಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಟೆಕ್ಸಾಸಿನ ದನಗಳನ್ನು ಕಾನ್ಸಾಸಿನ ರೈಲು ನಿಲ್ದಾಣಗಳಿಗೆ ಹೊಡೆದುಕೊಂಡು ಹೋಗುತ್ತಿದ್ದುದು ಈ ದಾರಿಯಲ್ಲಿಯೇ. ಆಗ ಬಯಲಿಗೆ ಬೇಲಿಯಿರಲಿಲ್ಲ. ಹಲವು ಯಜಮಾನರ ದನಗಳು ಒಂದಾಗಿ ಮೇಯುತ್ತಿದ್ದವು. ಅವನ್ನು ಕೂಡಿಹಾಕಿ, ಮೈಮೇಲಿನ ಬರೆಯ ಗುರುತು ನೋಡಿ ಬೇರ್ಪಡಿಸಬೇಕಾಗಿತ್ತು. ಉಳಿದ ಮಂದೆ ಬೆದರದಂತೆ ಬೇಕಾದ ಒಂದೇ ದನವನ್ನು ಹೊರಗೆ ತರುವ ಈ ನಯವಾದ ಕೆಲಸಕ್ಕೆ ಜಾಣ ಕುದುರೆಗಳನ್ನು ಆರಿಸಿ ಇಡುತ್ತಿದ್ದರು.

1874ರಲ್ಲಿ ಗ್ಲಿಡನ್ ಎಂಬಾತ ತನ್ನ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಕ್ರಮೇಣ ಬಯಲುಗಳಿಗೆಲ್ಲ ಬೇಲಿ ಬಿತ್ತು. ಆ ಕೆಲಸ ಕಡಮೆಯಾಯಿತು. ಆದರೆ 'ನನ್ನ ಕುದುರೆ ಹೆಚ್ಚು' ಎಂಬ ಹೆಮ್ಮೆ ಹೋದೀತೆ? 1898ರಲ್ಲಿ ಟೆಕ್ಸಾಸಿನ ಹ್ಯಾಸ್ಕೆಲ್ ಊರಿನ ಪಂದ್ಯದಲ್ಲಿ 'ಓಲ್ಡ್ ಹಬ್' ಎಂಬ 22 ವರ್ಷದ ಮುದಿ ಕುದುರೆ 150 ಡಾಲರಿನ ಬಹುಮಾನವನ್ನು ಗೆದ್ದಿತಂತೆ. 1946ರಲ್ಲಿ ಫೋರ್ಟ್ ವರ್ತ್‌ನಲ್ಲಿ ಇದಕ್ಕೊಂದು ರಾಷ್ಟ್ರೀಯ ಸಂಘ ಹುಟ್ಟಿತು. 1962ರಿಂದ ಆ ಸಂಘ ಮೂರು ವರ್ಷದ ಕುದುರೆಗಳಿಗಾಗಿ 'ಫ್ಯೂಚುರಿಟಿ' ಎಂಬ ಪಂದ್ಯ ನಡೆಸುತ್ತಿದೆ. ನಾವು ನೋಡಿದ್ದು ಅದನ್ನೇ. ಅಲ್ಲಿಗೆ ಬರುವ ಕುದುರೆಗಳಿಗೆ ಅದೇ ಮೊದಲ ಪರೀಕ್ಷೆ.

ನಿಯಮ ಸರಳ. ಸವಾರನಿಗೆ ಎರಡೂವರೆ ನಿಮಿಷ. ಅವನಿಗೆ ನಾಲ್ವರು ಸಹಾಯಕರು: ಇಬ್ಬರು ಮಂದೆಯನ್ನು ಹಿಡಿದಿಟ್ಟರೆ, ಇನ್ನಿಬ್ಬರು ಬೇರ್ಪಟ್ಟ ದನ ಕಣದ ಆಚೆ ತುದಿಗೆ ಓಡದಂತೆ ತಿರುಗಿಸುತ್ತಾರೆ. ಒಮ್ಮೆಯಾದರೂ ಮಂದೆಯ ಒಳಹೊಕ್ಕು ದನ ತೆಗೆಯಬೇಕು. ಒಬ್ಬ ತೀರ್ಪುಗಾರ ಕೊಡುವ ಅಂಕ 60ರಿಂದ 80ರ ಒಳಗೆ. ದನ ತಪ್ಪಿಸಿಕೊಂಡು ಮಂದೆಗೆ ಸೇರಿದರೆ 5 ಅಂಕ ಹೋಯಿತು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ದನ ಬೇರ್ಪಟ್ಟ ಕೂಡಲೆ ಸವಾರನು ಲಗಾಮು ಸಡಿಲಿಸಿ ಕೈ ಇಳಿಸಬೇಕು. ಆಮೇಲೆ ಲಗಾಮೆಳೆದು ದಾರಿ ತೋರಿಸಿದರೆ ಅಂಕ ಕಳೆಯುತ್ತಾರೆ!

ಅಲ್ಲಿಂದ ಮುಂದಿನದು ಕುದುರೆಯ ಬುದ್ಧಿಗೆ ಬಿಟ್ಟದ್ದು. ಮುಂಗಾಲು ಬಾಗಿಸಿ, ತಲೆ ತಗ್ಗಿಸಿ, ದನದ ಕಣ್ಣಲ್ಲಿ ಕಣ್ಣಿಟ್ಟು, ಅದು ಎಡಕ್ಕೆ ಹಾರಿದರೆ ತಾನೂ ಎಡಕ್ಕೆ, ಬಲಕ್ಕೆ ಹೊರಳಿದರೆ ತಾನೂ ಬಲಕ್ಕೆ! ನಮ್ಮ ಹುಡುಗರ ಕಬಡ್ಡಿಯೇ ನೆನಪಾಯಿತು.

ಒಂದು ಕೆಂದುಬಣ್ಣದ ಹೆಣ್ಣುಕುದುರೆ ಬಂತು. ಮೊದಲ ದನವನ್ನು ಚೆನ್ನಾಗಿ ತಡೆಯಿತು. ಎರಡನೆಯದು ತುಂಟ ಕರಿ ದನ. ಕುದುರೆ ಒಂದು ಕ್ಷಣ ತಡವರಿಸಿತು. 'ಈಗ ಎಳೆ ಲಗಾಮು!' ಎಂದು ನನ್ನ ಕೈಯೇ ಮುಂದೆ ಹೋಯಿತು. ಸವಾರ ಎಳೆಯಲಿಲ್ಲ. ದನ ಓಡಿ ಮಂದೆ ಸೇರಿಬಿಟ್ಟಿತು. ಅವನಿಗೆ ಕೋಪ ಬಂದೀತೆಂದು ನೋಡಿದೆ. ಅವನು ಕುದುರೆಯ ಕತ್ತು ಸವರಿ, ಮತ್ತೆ ಮೆಲ್ಲಗೆ ಮಂದೆಯೊಳಕ್ಕೆ ಹೋಗಿ, ಮೂರನೆಯ ದನವನ್ನು ತಂದು, ಮತ್ತೆ ಕೈ ಇಳಿಸಿದ. ಈ ಸಲ ಕುದುರೆ ತಡವರಿಸಲಿಲ್ಲ. ಬಹುಮಾನ ತಪ್ಪಿತ್ತು, ಆದರೂ ಜನ ಚಪ್ಪಾಳೆ ತಟ್ಟಿದರು.

ಹಾವೇರಿ ಕಡೆಯ ನಮ್ಮ ಊರಲ್ಲಿ, ಸಂತೆಯಿಂದ ಬರುವಾಗ ನನ್ನಪ್ಪ ಬಂಡಿಯಲ್ಲೇ ಮಲಗಿ ನಿದ್ದೆಹೋಗುತ್ತಿದ್ದ. ಎತ್ತುಗಳು ತಾವಾಗಿಯೇ ಹಳ್ಳ ದಾಟಿ ಮನೆ ಮುಟ್ಟಿಸುತ್ತಿದ್ದವು. ಕಲಿಸಿದ ಮೇಲೆ ನಂಬಬೇಕೆಂಬುದು ನನ್ನಪ್ಪನಿಗೆ ಗೊತ್ತಿತ್ತು. ನಾನೋ, ಮಗನ ಓದು, ನೌಕರಿ, ಮದುವೆ, ಎಲ್ಲದರಲ್ಲೂ ಲಗಾಮು ಬಿಗಿಹಿಡಿದೇ ಬಂದವನು.

ಮರಳುವಾಗ ಕತ್ತಲಾಗಿತ್ತು, ರಸ್ತೆಯ ತುಂಬ ವಾಹನಗಳು. ನಾನು ಕೈಕಟ್ಟಿ ಕುಳಿತೆ. ಅರ್ಧ ದಾರಿಯಲ್ಲಿ ಮಗ ಗಾಬರಿಯಿಂದ ಕೇಳಿದ: "ಯಾಕಪ್ಪಾ, ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನಿ. ನೀ ನಡಸು," ಎಂದೆ.